ಮೂರು ಬೆರಳಿನ ಬೂದಿ

“ರೂಮಿನ್ಯಾಗ ಸಿಗರೇಟು ಸೇದ್ಯಾರಂತ ದಂಡ ಹಾಕ್ಯಾರಲ್ರಿ ಅಕ್ಕಾರ,” ಎಂದಳು ಸಪ್ನಾ, ಮೊಬೈಲನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದು. “ನಮ್ಮ ಮನಿಯವರು ಅಡಕಿ ಹೋಳು ಸೈತ ಬಾಯಾಗ ಇಡಂಗಿಲ್ಲ. ಇದು ಬ್ಯಾರೆ ಯಾರದೋ ಇರಬೇಕು.”

ನೀತಾ ಅಡುಗೆಮನೆಯ ಬಾಗಿಲನ್ನು ಕಾಲಿನಿಂದಲೇ ಮೆಲ್ಲಗೆ ಮುಂದೆ ದೂಡಿದಳು. ಹೊರಗೆ ಹಾಲಿನಲ್ಲಿ ಹತ್ತು ಹನ್ನೆರಡು ಜನ ಮಾತನಾಡಿಸಲೆಂದು ಬಂದು ಕೂತಿದ್ದರು. ಸಾವಿನ ಮನೆಗೆ ಬಂದವರಿಗೆ ಕಿವಿ ಎರಡಲ್ಲ, ನಾಲ್ಕು.

ಸಾವು ಯಾರದು ಎಂಬುದೇ ನೀತಾಳಿಗೆ ಇನ್ನೂ ಬಗೆಹರಿದಿರಲಿಲ್ಲ. ಶನಿವಾರ ಬೆಳಿಗ್ಗೆ ಹೊರಬಿದ್ದ ಸಪ್ನಾಳ ಗಂಡ ಶಿವರಾಜ ಮನೆಗೆ ಮರಳಿರಲಿಲ್ಲ. ಸೋಮವಾರ ನಸುಕಿನಲ್ಲಿ ದೌಂಡ ಸ್ಟೇಶನ್ನಿನ ಆಚೆ ಹಳಿಯ ಮೇಲೆ ಒಂದು ಹೆಣ ಸಿಕ್ಕಿತ್ತು. ಮುಖ ಗುರುತು ಹತ್ತುವಂತಿರಲಿಲ್ಲ. ಆದರೆ ಮೈಮೇಲೆ ಶಿವರಾಜನ ಹೆಸರು ಹೊಲಿದಿದ್ದ ಕಾರ್ಖಾನೆಯ ಜಾಕೀಟು, ಕೊರಳಲ್ಲಿ ಬಿಲ್ವಪತ್ರೆ ಕೆತ್ತಿದ ಬೆಳ್ಳಿ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿಯನ್ನು ನೋಡಿದ್ದೇ, ಶಿವರಾಜನ ಸೋದರಮಾವ ಮುರುಗೆಪ್ಪ, ಇವ ನಮ್ಮ ಹುಡುಗನೇ ಎಂದು ಪೊಲೀಸರಿಗೆ ಹೇಳಿ ಬಂದಿದ್ದರು.

ಇವತ್ತು ಬುಧವಾರ. ಹನ್ನೊಂದಕ್ಕೆ ಜೀಪು ಹೊರಡುವುದಿತ್ತು. ದೌಂಡದಲ್ಲಿ ಸಪ್ನಾ ಒಂದು ಸಹಿ ಹಾಕಿದರೆ ಹೆಣ ಕೈಗೆ ಬರುತ್ತದೆ, ಹೊತ್ತು ಮುಳುಗುವುದರೊಳಗೆ ಮಣ್ಣು. ಆ ಸಹಿ ಬಿದ್ದಮೇಲೆ ಸರಕಾರದ ಪಾಲಿಗೂ ನೆಂಟರ ಪಾಲಿಗೂ ಶಿವರಾಜ ಇಲ್ಲ. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು.

ನೀತಾ ಪೊಲೀಸರವಳಲ್ಲ, ಪುಣೆಯ ಈ ಚಂದನನಗರದಲ್ಲಿ ಸಪ್ನಾಳ ನೆರೆಮನೆಯವಳು. ಖರಾಡಿಯ ಐಟಿ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವವರ ವಿಳಾಸ, ಹಳೆಯ ನೌಕರಿ, ನಡತೆ ಇವೆಲ್ಲ ಖರೆಯೋ ಸುಳ್ಳೋ ಎಂದು ಮನೆ ಮನೆಗೆ ಹೋಗಿ ನೋಡಿ ಬರುವುದು ಅವಳ ದಂಧೆ. ಅದಕ್ಕೂ ಮೊದಲು ಪುಣೆ ಸ್ಟೇಶನ್ನಿನ ಎದುರಿನ ಒಂದು ಲಾಡ್ಜಿನ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತವಳು. ಬಿಜಾಪುರದ ಹುಡುಗಿ ಆ ಊರಾಗ ಹೆಂಗ ಬದುಕ್ಯಾಳು ಎಂದು ಅತ್ತವರ ಮಕ್ಕಳ ಕಾಗದಪತ್ರಗಳನ್ನೇ ಈಗ ಅವಳು ತಪಾಸಣೆ ಮಾಡುತ್ತಿದ್ದಳು.

ಹೋಟೆಲಿನ ಮೇಲ್ ಸಿಕ್ಕಿದ್ದು ಈಗ ಹತ್ತು ನಿಮಿಷದ ಹಿಂದೆ. ಹೋದ ವರ್ಷ ಗಣಪತಿಪುಳೆಗೆ ಹೋಗುವಾಗ ಶಿವರಾಜ ರೂಮು ಬುಕ್ ಮಾಡುವ ಆ್ಯಪನ್ನು ಹೆಂಡತಿಯ ಮೇಲ್ ಹೆಸರಿನಲ್ಲಿ ಹಾಕಿಕೊಂಡಿದ್ದ. ಆ ಮೇಲಿನ ಪಾಸ್‌ವರ್ಡು ಸಪ್ನಾಳಿಗೆ ಮರೆತೇ ಹೋಗಿತ್ತು. ಎರಡು ದಿನ ತಡಕಾಡಿದ ಮೇಲೆ ಇವತ್ತು ಗ್ಯಾಸಿನ ಪುಸ್ತಕದ ಹಿಂದೆ ಬರೆದದ್ದು ಸಿಕ್ಕಿತು. ತೆರೆದರೆ ಮೂರು ಸಾವಿರ ಓದದ ಮೇಲ್‌ಗಳು. ಸೀರೆ ಸೇಲು, ಸಾಲ ಬೇಕೇ, ಮತ್ತೆ ಸೀರೆ ಸೇಲು. ಅವುಗಳ ನಡುವೆ ಬ್ಯಾಂಕಾಕಿನ ಒಂದು ಅಗ್ಗದ ಹೋಟೆಲು, ನಾಲ್ಕುನೂರಾ ಏಳನೇ ರೂಮು, ಒಂಟಿ ಹಾಸಿಗೆ, ಅತಿಥಿಯ ಹೆಸರು ಸಪ್ನಾ.

ಬ್ಯಾಂಕಾಕ್ ಎಂಬ ಹೆಸರು ಕಂಡೊಡನೆ ಸಪ್ನಾಳ ಮುಖ ಹೇಗಾಯಿತೆಂದು ನೀತಾ ನೋಡಿದ್ದಳು. ಗಂಡಸರು ಮನೆಯಲ್ಲಿ ಹೇಳದೆ ಯಾಕೆ ಅಲ್ಲಿಗೆ ಹೋಗುತ್ತಾರೆ ಎಂಬುದು ಚಂದನನಗರದ ಹೆಂಗಸರಿಗೂ ಗೊತ್ತಿರುವ ಮಾತೇ. ಸಪ್ನಾ ಆಮೇಲೆ ಹೇಳಿದ್ದಳು: “ಯಾವಾಕಿ ಜೋಡಿ ಹೋಗಿದ್ರೂ ನಡೀತದ್ರಿ ಅಕ್ಕಾರ. ಜೀವಂತ ಇದ್ರ ಸಾಕು.”

ಕೂಡಲು ಜಾಗವಿಲ್ಲದೆ ನೀತಾ ಮೂಲೆಯಲ್ಲಿದ್ದ ಒಣಮೆಣಸಿನಕಾಯಿ ಚೀಲದ ಮೇಲೆ ಕೂತಳು, ಎರಡು ಸಲ ಸೀನಿದಳು. ಶನಿವಾರ ಸಂಜೆ ಮುರುಗೆಪ್ಪ ಮಾವಾರೇ ತಂದು ಇಳಿಸಿಹೋದದ್ದು, ಯಾರು ಬಿಚ್ಚಲಿ ಅದನ್ನ ಎಂದು ಸಪ್ನಾ ಹೇಳಿದಳು.

“ಮೊಬೈಲ್ ಕೊಡಿಲ್ಲಿ,” ಎಂದು ನೀತಾ ಕೈ ಚಾಚಿದಳು.

ದಂಡದ ಮೇಲ್ ಬಂದದ್ದು ನಿನ್ನೆ, ಮಂಗಳವಾರ ಮಧ್ಯಾಹ್ನ. ಅದಕ್ಕೆ ಎರಡು ಫೋಟೋ ಅಂಟಿಸಿದ್ದರು. ಮೊದಲನೆಯದರಲ್ಲಿ ಕಿರಿದಾದ ಒಂದು ಮೇಜು. ಮೇಲೆ ನೀರು ಕಾಸುವ ಕೆಟಲು, ಸಿಗರೇಟು ಸೇದಬೇಡಿ ಎಂಬ ಚಿತ್ರದ ಫಲಕ, ಅದರ ಬುಡದಲ್ಲೇ ಚಹಾದ ಬಸಿಯಲ್ಲಿ ಬೂದಿ. ಮೇಜಿನ ಮೇಲೂ ಚೂರು ಉದುರಿತ್ತು. ಎರಡನೆಯದರಲ್ಲಿ ಹಾಸಿಗೆಯ ಮೇಲೆ ಹರವಿಟ್ಟ ಬಿಳಿ ಟವೆಲ್ಲು.

ನೀತಾ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಒಂಬತ್ತು ವರ್ಷದಲ್ಲಿ ಇಂಥ ಫೋಟೋಗಳನ್ನು ಅವಳೇ ನೂರಾರು ತೆಗೆದಿದ್ದಾಳೆ. ಗಿರಾಕಿಗೆ ದಂಡ ಹಾಕುವ ಕೌಂಟರಿನವರು ಮೊದಲು ತೆಗೆಯುವುದು ಬೂದಿಯ ಫೋಟೋ ಅಲ್ಲ, ಸೇದಿ ಉಳಿದ ತುಂಡಿನದು. ತುಂಡು ಸಿಕ್ಕಿದರೆ ಗಿರಾಕಿ ಬಾಯಿ ಮುಚ್ಚುತ್ತಾನೆ. ಇಲ್ಲಿ ತುಂಡಿಲ್ಲ, ಬೆಂಕಿಪೆಟ್ಟಿಗೆಯಿಲ್ಲ, ಮೇಜಿನ ಮೇಲೆ ಸುಟ್ಟ ಕಲೆಯಿಲ್ಲ. ಬೂದಿಯಾದರೋ ಬೆಳ್ಳಗೆ, ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣಗೆ ಇತ್ತು.

ಟವೆಲ್ಲಿನ ಅಂಚಿನಲ್ಲಿ ಮಾಸಲು ಬಣ್ಣದ ಗೆರೆಗಳು. ಒಂದರ ಪಕ್ಕ ಒಂದು, ಒಟ್ಟು ಮೂರು.

“ಸಪ್ನಾ, ನಿಮ್ಮ ಮನಿಯವರು ಮುಂಜಾನೆ ಎದ್ದು ಏನ ಮಾಡ್ತಾರ? ಒಂದೂ ಬಿಡದಾಂಗ ಹೇಳ್ರಿ.”

ಸಪ್ನಾ ಹೇಳಿದಳು. ಐದಕ್ಕೆ ಏಳುತ್ತಾರೆ, ಜಳಕ ಮಾಡುತ್ತಾರೆ, ಚಹಾ ಸಹಿತ ಕುಡಿಯದೆ ಲಿಂಗಪೂಜೆಗೆ ಕೂಡುತ್ತಾರೆ. ವಿಭೂತಿ ಗಟ್ಟಿ ಒಡೆದು ಬಸಿಯಲ್ಲಿ ಪುಡಿ ಮಾಡಿಕೊಂಡು ಹಣೆಗೆ ಮೂರು ಬೆರಳಿನಿಂದ ಹಚ್ಚಿಕೊಳ್ಳುತ್ತಾರೆ. ಆಮೇಲೆ ಕೈ ತೊಳೆಯುವುದು ಬಿಟ್ಟು ಟವೆಲ್ಲಿಗೆ ಒರೆಸುತ್ತಾರೆ. ಹನ್ನೊಂದು ವರ್ಷ ಹೇಳಿ ಹೇಳಿ ಅವಳ ಬಾಯಿ ಸೋತಿದೆ, ಒಗೆಯುವವರಿಗೆ ತಾನೆ ಗೊತ್ತು ಎಂದು ಹೇಳುತ್ತಿದ್ದವಳು ನಡುವೆಯೇ ನಿಂತಳು.

ಅವಳು ಬಾಲ್ಕನಿಗೆ ಹೋದಳು. ಬಕೇಟಿನ ತಳದಿಂದ ಒಂದು ಟವೆಲ್ಲು ತೆಗೆದುಕೊಂಡು ಬಂದಳು. ಶನಿವಾರದ್ದು. ಅದನ್ನು ಒಗೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಅಂಚು ಬಿಡಿಸಿದರೆ ಅಲ್ಲಿಯೂ ಮೂರು ಗೆರೆ, ನಡುವಿನದು ಉದ್ದ, ಆಚೆ ಈಚಿನವು ತುಸು ಗಿಡ್ಡ.

ಟವೆಲ್ಲನ್ನು ಫೋಟೋದ ಪಕ್ಕ ಹಿಡಿದು ಇಬ್ಬರೂ ನೋಡಿದರು. ಹೆಣ ಸಿಕ್ಕಿದ್ದು ಸೋಮವಾರ. ಈ ಗೆರೆ ಬಿದ್ದದ್ದು ಮಂಗಳವಾರ ಬೆಳಿಗ್ಗೆ. ಸತ್ತವರು ಮರುದಿನ ಎದ್ದು ಜಳಕ ಮಾಡಿ ವಿಭೂತಿ ಹಚ್ಚಿಕೊಳ್ಳುವುದಿಲ್ಲ.

ಸಪ್ನಾ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನೀತಾ ಅವಳ ಬೆನ್ನ ಮೇಲೆ ಕೈಯಿಟ್ಟು, ಇನ್ನೂ ಖುಷಿಪಡಬ್ಯಾಡ್ರಿ, ಮನುಷ್ಯ ಕಣ್ಣಿಗೆ ಬೀಳಲಿ ಎಂದು ಹೇಳಿದಳು.

ಬಾಗಿಲು ತೆರೆದರೆ ಎದುರಿಗೇ ಮುರುಗೆಪ್ಪ.

ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಒಣಮೆಣಸಿನಕಾಯಿ, ಹುಣಸೆಹಣ್ಣು ಮಾರಿದ ಮನುಷ್ಯ. ಬಿಳಿ ಅಂಗಿ, ಬಿಳಿ ಧೋತರ, ಮಾತೂ ಅಷ್ಟೇ ಮಡಿ. ಜೀಪು ಕೆಳಗೆ ಬಂದು ನಿಂತಿದೆ ಎಂದರು. ಮೂರಕ್ಕೆ ಅಯ್ಯನವರಿಗೆ ಹೇಳಿಯಾಗಿದೆ, ರುದ್ರಭೂಮಿಯಲ್ಲಿ ಕುಣಿ ತೋಡುವವರು ಬೆಳಿಗ್ಗೆಯಿಂದ ಹತ್ತಿದ್ದಾರೆ, ಇನ್ನು ತಡಮಾಡುವುದು ಚೆಂದವಲ್ಲ ಎಂದರು.

ನೀತಾ ಅವರಿಗೆ ಮೇಲ್ ತೋರಿಸಿದಳು. ಬೂದಿ ತೋರಿಸಿದಳು, ಟವೆಲ್ಲಿನ ಗೆರೆ ತೋರಿಸಿದಳು. ಹಾಲಿನಲ್ಲಿದ್ದವರು ಕತ್ತು ಚಾಚಿದರು.

ಮುರುಗೆಪ್ಪ ಕನ್ನಡಕ ಏರಿಸಿ ಎಲ್ಲವನ್ನೂ ಸಾವಕಾಶವಾಗಿ ನೋಡಿದರು. ಆಮೇಲೆ ಮೊಬೈಲು ಮರಳಿ ಕೊಟ್ಟು ನಿಟ್ಟುಸಿರುಬಿಟ್ಟರು. ಹುಡುಗನ ಮೊಬೈಲು ಕದ್ದ ಯಾವನೋ ಅದರಲ್ಲೇ ರೂಮು ಬುಕ್ ಮಾಡಿ ಮಜಾ ಮಾಡುತ್ತಿದ್ದಾನೆ, ಇನ್ನೇನು? ವಿಭೂತಿ ಹಚ್ಚಿಕೊಳ್ಳುವವರು ಶಿವರಾಜನೊಬ್ಬನೇ ಏನು? ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನೀವು, ಎಂದು ಬೇಸರ ಮಾಡಿಕೊಂಡರು.

“ಹಂಗಾರ ಫೋನ್ ಹಚ್ಚಿ ಕೇಳೂಣಲ್ರಿ ಸಾವ್ಕಾರ್ರ,” ಎಂದಳು ನೀತಾ.

“ನೀತಾಬಾಯಿ, ನಿಮಗ ಕೈ ಮುಗಿತೀನಿ. ಆ ಕರಡಿಗಿ ನಾ ನನ್ನ ಕಣ್ಣಿಂದ ನೋಡೀನಿ. ಬಿಲ್ವಪತ್ರಿ ಕೆತ್ತಿದ್ದು. ಅಂಥಾದ್ದು ಜಗತ್ತಿನ್ಯಾಗ ಒಂದೇ ಅದ. ಇನ್ನ ಸಾಕ್ ಮಾಡ್ರಿ. ಹೆಣ ಎಷ್ಟಂತ ಕಾಯ್ತದ?”

“ಮೂರು ದಿನ ಕಾದದ್ದು ಇನ್ನೊಂದು ತಾಸು ಕಾಯ್ತದ್ರಿ.”

“ಮನಿ ದುಃಖ ನಿಮಗೇನ ತಿಳೀತದ? ನೀವು ಹೊರಗಿನವರು.”

ಹೌದು, ನೀತಾ ಹೊರಗಿನವಳೇ. ಅದಕ್ಕೇ ಅವಳಿಗೆ ಈ ಅವಸರ ಅರ್ಥವಾಗುತ್ತಿರಲಿಲ್ಲ. ಕರಡಿಗೆಯ ಫೋಟೋ ನಿನ್ನೆಯೇ ಅವಳ ಮೊಬೈಲಿಗೆ ಬಂದಿತ್ತು. ಪೊಲೀಸರ ಮೇಜಿನ ಮೇಲಿಟ್ಟಿದ್ದನ್ನು ಮುರುಗೆಪ್ಪನವರೇ ತೆಗೆದದ್ದು. ದಾರ ಪೋಣಿಸಲು ಎರಡು ಬದಿಗೆ ಎರಡು ಕಿವಿ. ಒಂದು ಬಿಳಿ, ಒಂದು ಹಳದಿ. ದೀಪದ ಬೆಳಕು ಬಿದ್ದಿರಬೇಕೆಂದು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

“ನಾ ಬರಂಗಿಲ್ರಿ ಮಾವಾರ,” ಎಂದಳು ಸಪ್ನಾ. ಮೂರು ದಿನದಲ್ಲಿ ಅವಳು ಅವರೆದುರು ಆಡಿದ ಮೊದಲ ಮಾತು ಅದು. “ಸಹಿ ಮಾಡಂಗಿಲ್ಲ.”

ಮುರುಗೆಪ್ಪ ಮೂಲೆಗೆ ತಿರುಗಿ, ನೀನಾದರೂ ಹೇಳಕ್ಕ ಎಂದರು.

ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವಳು ಶಿವರಾಜನ ತಾಯಿ ಭೀಮವ್ವ. ಅರವತ್ತೆಂಟರ ಹಣ್ಣು ಜೀವ. ಸೋಮವಾರದಿಂದ ಎರಡು ಗುಟುಕು ನೀರು ಬಿಟ್ಟರೆ ಹೊಟ್ಟೆಗೇನೂ ಇಳಿದಿರಲಿಲ್ಲ, ಬಾಯಿಂದ ಒಂದು ಮಾತೂ ಹೊರಬಿದ್ದಿರಲಿಲ್ಲ. ತಮ್ಮನ ಮುಖ ನೋಡದೆ, ಸೊಸೆಯ ಕೈಯಲ್ಲಿದ್ದ ಟವೆಲ್ಲನ್ನೇ ನೋಡುತ್ತ ಅವಳು ಹೇಳಿದಳು: “ಫೋನ್ ಹಚ್ಚವ್ವ.”

ಭೀಮವ್ವನ ಮಾತಿನ ಮೇಲೆ ಆ ಮನೆಯಲ್ಲಿ ಮತ್ತೊಂದು ಮಾತಿಲ್ಲ. ಮುರುಗೆಪ್ಪ ಕುರ್ಚಿ ಎಳೆದುಕೊಂಡು ಕೂತರು.

ನೀತಾ ಸಮಯ ಲೆಕ್ಕ ಹಾಕಿದಳು. ಇಲ್ಲಿ ಹತ್ತೂ ಮೂವತ್ತೈದು ಎಂದರೆ ಬ್ಯಾಂಕಾಕಿನಲ್ಲಿ ಹನ್ನೆರಡು ದಾಟಿದೆ. ಬುಕ್ಕಿಂಗು ಇವತ್ತಿನವರೆಗೆ ಮಾತ್ರ. ಅಗ್ಗದ ಹೋಟೆಲುಗಳಲ್ಲಿ ಹನ್ನೆರಡರ ಮೇಲೆ ಗಿರಾಕಿಯನ್ನು ಒಂದು ನಿಮಿಷ ಇಟ್ಟುಕೊಳ್ಳುವುದಿಲ್ಲ. ಅವನು ರೂಮು ಬಿಟ್ಟು ಬೀದಿಗಿಳಿದಿದ್ದರೆ ಅಷ್ಟು ದೊಡ್ಡ ಊರಿನಲ್ಲಿ ಹುಡುಕುವುದು ಎಲ್ಲಿ? ಅವಳು ನಂಬರು ಒತ್ತಿದಳು.

ಆರು ಸಲ ರಿಂಗಾಯಿತು. ಏಳನೆಯದಕ್ಕೆ ಒಬ್ಬ ಹೆಂಗಸು ಎತ್ತಿಕೊಂಡಳು. ಹಿಂದೆ ಯಾರೋ ಗಟ್ಟಿಯಾಗಿ ವಾದ ಮಾಡುತ್ತಿರುವುದು ಕೇಳುತ್ತಿತ್ತು.

ನೀತಾ ಕೌಂಟರಿನವರಿಗೆ ತಿಳಿಯುವಂತೆ ಸಣ್ಣ ಸಣ್ಣ ಇಂಗ್ಲಿಷ್ ಮಾತಿನಲ್ಲಿ ಕೇಳಿದಳು. ನಾಲ್ಕುನೂರಾ ಏಳನೇ ರೂಮಿನ ಗಿರಾಕಿ ಇದ್ದಾರೆಯೇ? ಆ ಹೆಂಗಸು ಕೂಡಲೇ ಗುರುತು ಹಿಡಿದಳು. ಬೂದಿಯ ಮನುಷ್ಯನೇ? ಇಲ್ಲೇ ಇದ್ದಾನೆ, ಒಂದು ತಾಸಿನಿಂದ ನನ್ನ ಮುಂದೆ ನಿಂತಿದ್ದಾನೆ, ದಂಡ ಕೊಡುವುದಿಲ್ಲ ಅಂತಾನೆ, ಹೋಗಲೂ ಒಲ್ಲ ಅಂತಾನೆ, ದಯಮಾಡಿ ನೀವೇ ಹೇಳಿ ಎಂದು ಗೋಗರೆದಳು. ವಿಡಿಯೋ ಹಚ್ಚಿ ಎಂದಳು ನೀತಾ.

ಮೊದಲು ಕಂಡದ್ದು ಛಾವಣಿಯ ಫ್ಯಾನು. ಆಮೇಲೆ ಒಂದು ಕೊಡೆಗಳ ಸ್ಟ್ಯಾಂಡು. ಆಮೇಲೆ ಪರದೆಯ ತುಂಬ ಬೆವರಿದ ಒಂದು ಹಣೆ, ಅದರ ಮೇಲೆ ಮೂರು ಬೆಳ್ಳನೆಯ ಗೆರೆ.

“ಹಲೋ, ಯಾರ್ರಿ, ಇಂಡಿಯಾದವರೇನ್ರಿ?” ಎಂದು ಹಣೆ ಕೇಳಿತು, ಮೊದಲು ಹಿಂದಿಯಲ್ಲಿ, ಆಮೇಲೆ ಅವಸರಕ್ಕೆ ಕನ್ನಡದಲ್ಲಿ. “ಈ ಬಾಯಿಗೆ ಒಂಚೂರು ತಿಳಿಸಿ ಹೇಳ್ರಿ. ಇದು ಸಿಗರೇಟಿಂದಲ್ಲ, ವಿಭೂತಿ ಅಂತ. ಹಚ್ಚಿಕೊಂಡು ತೋರಿಸಿದ್ರೂ ತಿಳಿಯವಲ್ದು.”

ಸಪ್ನಾ ಮೊಬೈಲಿನ ಎದುರು ಬಂದು ಕೂತಳು.

ನೀತಾ ಮೊಬೈಲನ್ನು ಅವಳ ಮಡಿಲಿಗಿಟ್ಟಳು. ಅತ್ತ ಶಿವರಾಜನಿಗೆ ಹೆಂಡತಿಯ ಮುಖ ಕಂಡಿತು. ಅವನ ಕಣ್ಣು ಅವಳ ಹಿಂದೆ ಕೂತ ಜನರ ಮೇಲೆ, ಮೂಲೆಯಲ್ಲಿದ್ದ ತಾಯಿಯ ಮೇಲೆ ಹರಿದಾಡಿತು. ಯಾರಿಗೇನಾತು, ಇಷ್ಟು ಮಂದಿ ಯಾಕ ಕುಂತಾರ ಎಂದು ಗಾಬರಿಯಾಗಿ ಕೇಳಿದ.

“ನಿಮಗ ಆಗಿತ್ರಿ,” ಎಂದಳು ಸಪ್ನಾ. “ನಿಮ್ಮನ್ನ ಮಣ್ಣ ಮಾಡಾಕ ಹೊಂಟಿದ್ವಿ.”

ಆಮೇಲಿನ ಹತ್ತು ನಿಮಿಷ ಆ ಮನೆಯಲ್ಲಿ ಆದದ್ದನ್ನು ಸಾಲು ಹಿಡಿದು ಹೇಳಲಾಗದು. ಅತ್ತವರೆಲ್ಲ ನಕ್ಕರು, ನಕ್ಕವರೆಲ್ಲ ಅತ್ತರು. ಹೋದ ಜೀವ ಬಂತು ಎಂದು ಒಬ್ಬಳು ಭೀಮವ್ವನ ಕಾಲು ಹಿಡಿದುಕೊಂಡಳು. ಬಾಗಿಲ ಹೊರಗೆ ತೆಗೆದಿಟ್ಟಿದ್ದ ಬಿದಿರು, ಬಿಳಿ ಅರಿವೆಯನ್ನು ಯಾರೋ ಸದ್ದಿಲ್ಲದೆ ಎತ್ತಿಕೊಂಡು ಮೆಟ್ಟಿಲಿಳಿದರು. ಸಪ್ನಾ ಮಾತ್ರ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಕೈಬಿಟ್ಟರೆ ಎಲ್ಲಿ ಮತ್ತೆ ಮಾಯವಾಗುತ್ತಾನೋ ಎಂಬಂತೆ ಗಂಡನನ್ನು ಬೈಯುತ್ತಲೇ ಇದ್ದಳು. ಅಷ್ಟು ಚೆಂದದ ಬೈಗುಳವನ್ನು ನೀತಾ ಜನ್ಮದಲ್ಲಿ ಕೇಳಿರಲಿಲ್ಲ. ಅವಳ ಕಣ್ಣಿನಿಂದಲೂ ನೀರು ಇಳಿಯಿತು, ಮೆಣಸಿನಕಾಯಿ ಘಾಟು ಎಂದುಕೊಂಡು ಒರೆಸಿಕೊಂಡಳು.

ಭೀಮವ್ವ ಮಗನನ್ನು ಕೇಳಿದ್ದು ಒಂದೇ ಮಾತು, ಉಂಡೆಯೇನಪ್ಪ ಎಂದು. ಉಂಡೀನವ್ವ ಎಂದ ಮಗ. ಆಗ ಅವಳು ಸೊಸೆಗೆ, ನನಗೂ ಒಂದು ವಾಟಿ ಗಂಜಿ ಕೊಡವ್ವ ಎಂದಳು.

ಶಿವರಾಜನ ಕತೆ ತುಂಡು ತುಂಡಾಗಿ ಹೊರಬಂತು. ಶುಕ್ರವಾರ ರಾತ್ರಿ ಸಪ್ನಾ ಒಂದು ಮಾತು ಅಂದಿದ್ದಳು, ನಿಮಗ ರಾಂಜಣಗಾಂವದ ಬಸ್ಸು ಬಿಟ್ರ ಬ್ಯಾರೆ ದಾರೀನ ಗೊತ್ತಿಲ್ಲ ಎಂದು. ಅದು ಅವನಿಗೆ ನಾಟಿತ್ತು. ಹದಿನಾಲ್ಕು ವರ್ಷದಿಂದ ಕಾರ್ಖಾನೆಯ ಅದೇ ಬಸ್ಸು, ಅದೇ ಕಿಟಕಿ. ಮೂರು ವರ್ಷದ ಹಿಂದೆ ಕಂಪನಿ ಕಳಿಸುತ್ತದೆ ಎಂದು ಮಾಡಿಸಿದ ಪಾಸ್‌ಪೋರ್ಟು ಅಂದೇ ಆಫೀಸಿನಿಂದ ಮರಳಿ ಕೈಗೆ ಬಂದು ಬ್ಯಾಗಿನಲ್ಲೇ ಇತ್ತು. ಜೊತೆಗಾರನೊಬ್ಬ ಮರುದಿನ ಮಧ್ಯಾಹ್ನ ಬ್ಯಾಂಕಾಕಿಗೆ ಹೊರಟಿದ್ದ. ಶನಿವಾರ ಬೆಳಿಗ್ಗೆ ತಾಯಿ ಹೇಳಿದ ಮೆಣಸಿನಕಾಯಿ ತರಲು ಸೋದರಮಾವನ ಅಂಗಡಿಗೆ ಹೋಗಿದ್ದವನು, ಅಲ್ಲಿ ನಿಂತಲ್ಲೇ ನಿಶ್ಚಯ ಮಾಡಿಬಿಟ್ಟ. ಒಮ್ಮೆ ಹೋಗಿಬಿಡೋಣ. ಆದದ್ದಾಗಲಿ.

ಹೋದಮೇಲೆ ಎರಡನೇ ದಿನ ದೋಣಿಯಿಂದ ಗುಡಿಯ ಫೋಟೋ ತೆಗೆಯುವಾಗ ಮೊಬೈಲು ಹೊಳೆಗೆ ಬಿತ್ತು. ಜೊತೆಗಾರ ವಿಮಾನ ಇಳಿದವನೇ ಬೇರೆ ಊರಿಗೆ ಹೋಗಿದ್ದ, ಮನೆಯವರ ಯಾರ ನಂಬರೂ ಬಾಯಿಪಾಠ ಇರಲಿಲ್ಲ. ಬಸ್ಸಿನ ಡ್ರೈವರನದೊಂದೇ ಇತ್ತು, ಅವನು ವಿದೇಶದ ನಂಬರು ನೋಡಿ ಎತ್ತಲಿಲ್ಲ. ಕೊನೆಗೆ ಒಂದು ಪೋಸ್ಟ್‌ಕಾರ್ಡು ಬರೆದು ಹಾಕಿದ್ದಾನಂತೆ, ಇನ್ನೂ ಮುಟ್ಟಿಲ್ಲವೇ ಎಂದು ಕೇಳಿದ. ಹಾಲಿನಲ್ಲಿ ಎಲ್ಲರೂ ನಕ್ಕರು.

“ರೂಮು ಅಂದ್ರ ಹೆಂಗಿತ್ತಂತಿ ಸಪ್ನಾ,” ಎಂದ ಅವನು, ದನಿ ತಗ್ಗಿಸಿ. “ಬ್ಯಾಗ್ ತೆರೆದ್ರ ಬಾಗಿಲಾ ತೆರೀತಿದ್ದಿಲ್ಲ. ಕಿಡಕಿ ತೆಗೆದ್ರ ಮಗ್ಗಲ ಮನಿ ಗ್ವಾಡಿ. ಮುಂಜಾನೆ ಎರಡು ಬ್ರೆಡ್, ಒಂದು ಬಾಳಿಹಣ್ಣು. ಆದ್ರೂ ಅಷ್ಟು ಛಲೋ ನಿದ್ದಿ ನನಗ ಎಂದೂ ಬಂದಿದ್ದಿಲ್ಲ. ಮುಂದಿನ ಸಲ ನೀನೂ ಬಾ.”

ಸಪ್ನಾ ಸೆರಗಿನಿಂದ ಮೂಗು ಒರೆಸಿಕೊಂಡು, ಮೊದಲು ನೀವು ಬರ್ರಿ ಎಂದಳು. ರಾತ್ರಿಯ ವಿಮಾನಕ್ಕೆ ಅವನ ಟಿಕೇಟಿತ್ತು. ನಾಳೆ ಬೆಳಿಗ್ಗೆ ಮನೆಯಲ್ಲಿರುತ್ತಾನೆ. ದಂಡದ ಮಾತನ್ನು ನೀತಾ ಕೌಂಟರಿನವಳೊಂದಿಗೆ ಕೌಂಟರಿನವರ ರೀತಿಯಲ್ಲೇ ಆಡಿದಳು. ಪೂಜೆಯ ಬೂದಿ, ದೇವರದು ಎಂದ ಕೂಡಲೇ ಅತ್ತಲಿನ ಹೆಂಗಸು ಅಯ್ಯೋ ಎನ್ನುವಂತೆ ಕೈ ಮುಗಿದಳು. ದಂಡ ಮಾಫಿಯಾಯಿತು.

ಇಲ್ಲಿಗೆ ನೀತಾಳ ಕೆಲಸ ಮುಗಿದಿತ್ತು. ಎದ್ದು ಚಪ್ಪಲಿ ಮೆಟ್ಟಿ ಹೊರಡಬಹುದಿತ್ತು. ಮೂರು ರಾತ್ರಿಯ ನಿದ್ದೆ ಬಾಕಿಯಿತ್ತು. ಆದರೆ ಗಿರಾಕಿ ಕೀಲಿ ಕೊಟ್ಟು ಹೋದಮೇಲೂ ರೂಮನ್ನೊಮ್ಮೆ ತೆರೆದು ನೋಡುವ ಚಟ ಅವಳನ್ನು ಬಿಟ್ಟಿರಲಿಲ್ಲ. ದೌಂಡದ ಶವಾಗಾರದಲ್ಲಿ ಮಲಗಿದವನು ಶಿವರಾಜನಲ್ಲದಿದ್ದರೆ ಮತ್ತೆ ಯಾರು?

“ಶಿವರಾಜ, ನಿಮ್ಮ ಜಾಕೀಟು ಎಲ್ಲ್ಯದರಿ?” ಎಂದು ಕೇಳಿದಳು.

“ಮಾಮಾನ ಅಂಗಡ್ಯಾ‌ಗ ಬಿಟ್ಟೆನಲ್ರಿ. ಮಾಮಾ ಇದ್ದಿಲ್ಲ, ಮಾಲಿನ ಹರಾಜಿಗೆ ಹೋಗಿದ್ರು. ಹೊಂಟೀನಿ ಅಂತ ಒಂದು ಚೀಟಿ ಬರದು ಕಿಸೇದಾಗ ಇಟ್ಟು, ಮೆಣಸಿನಕಾಯಿ ಚೀಲಕ್ಕ ಜಾಕೀಟು ಸುತ್ತಿ, ಗಂಟು ಹಾಕಿ ಅವರ ಗಾದಿ ಮ್ಯಾಲೇ ಇಟ್ಟು ಬಂದೆ. ಚೀಲ ಮನಿಗೆ ಮುಟ್ಟಿದ್ರ ಚೀಟಿನೂ ಮುಟ್ತದಂತ ನಾ ನಿಶ್ಚಿಂತಿಯಿಂದ ಹೋಗೀನಿ. ಚೀಲ ಬರಲಿಲ್ಲೇನು?”

ಚೀಲ ಬಂದಿತ್ತು. ಅರ್ಧ ತಾಸಿನ ಹಿಂದೆ ನೀತಾ ಅದರ ಮೇಲೇ ಕೂತಿದ್ದಳು.

ಎಲ್ಲರೂ ಮುರುಗೆಪ್ಪನ ಕಡೆ ನೋಡಿದರು. ಅವರು ಧೋತರದ ಚುಂಗು ಸರಿಮಾಡಿಕೊಂಡರು. ತನ್ನ ಕೈಗೆ ಬಂದಾಗ ಚೀಲದ ಮೇಲೆ ಏನೂ ಇರಲಿಲ್ಲ, ಅಂಗಡಿಯಲ್ಲಿ ನೂರು ಜನ ಹಮಾಲರು ಓಡಾಡುತ್ತಾರೆ, ಒಳ್ಳೇ ಜಾಕೀಟು ಕಂಡು ಯಾವನೋ ಹೊಡೆದಿದ್ದಾನೆ, ಆ ಕಳ್ಳನೇ ಹಳಿಯ ಮೇಲೆ ಸತ್ತಿದ್ದಾನೆ ಎಂದರು. ಹುಡುಗ ಉಳಿದನಲ್ಲ, ಅದೇ ದೊಡ್ಡದು, ಇನ್ನು ಪೊಲೀಸರ ಹೆಣ ಪೊಲೀಸರಿಗೆ ಎಂದು ಎದ್ದು ನಿಂತರು. ಮಾತು ಸರಿಯಾಗಿಯೇ ಇತ್ತು. ಹಾಲಿನಲ್ಲಿ ಎರಡು ತಲೆ ಹೌದೆಂದು ಆಡಿದವು.

ಕಳ್ಳ ಜಾಕೀಟು ಹೊಡೆಯಬಹುದು. ಕರಡಿಗೆ?

“ಶಿವರಾಜ, ನಿಮ್ಮ ಕರಡಿಗಿ ಒಂದೀಟು ತೋರಿಸ್ರಿ,” ಎಂದಳು ನೀತಾ.

ಅವನು ಅಂಗಿಯ ಗುಂಡಿ ಬಿಚ್ಚಿ ದಾರ ಹೊರಗೆಳೆದ. ಬೆಳ್ಳಿಯ ಡಬ್ಬಿ ಪರದೆಯ ಮೇಲೆ ತೂಗಾಡಿತು. ಮುಚ್ಚಳದ ಮೇಲೆ ಬಿಲ್ವಪತ್ರೆ, ಮೂರು ದಳ, ತೊಟ್ಟು ಎಡಕ್ಕೆ ಬಾಗಿದ್ದು. ಎರಡು ಕಿವಿಯೂ ಬಿಳಿ.

ನೀತಾ ತನ್ನ ಮೊಬೈಲಿನಲ್ಲಿ ದೌಂಡದ ಫೋಟೋ ತೆರೆದಳು. ಅದೇ ಪತ್ರೆ, ಅದೇ ಮೂರು ದಳ, ತೊಟ್ಟು ಅದೇ ರೀತಿ ಎಡಕ್ಕೆ. ಒಂದು ಕಿವಿ ಹಳದಿ. ಅದು ದೀಪದ ಬೆಳಕಾಗಿರಲಿಲ್ಲ.

ಜಗತ್ತಿನಲ್ಲಿ ಒಂದೇ ಇದೆ ಎಂದಿದ್ದರು ಮುರುಗೆಪ್ಪ. ನೀತಾ ಹೋಗಿ ಭೀಮವ್ವನ ಎದುರು ಮೊಣಕಾಲೂರಿ ಕೂತು ಫೋಟೋ ಹಿಡಿದಳು. “ಅವ್ವಾರ, ಇಂಥಾವು ಎಷ್ಟು ಮಾಡಿಸಿದ್ರಿ?”

ಮಗನ ಮುಖ ನೋಡಿ ಅರಳಿದ್ದ ಮುದುಕಿ, ಗಂಜಿಯ ವಾಟಿಯನ್ನು ಕೆಳಗಿಟ್ಟು ನಗುತ್ತಲೇ ಹೇಳಿದಳು. ಎರಡು ಮಾಡಿಸಿದ್ದಂತೆ. ಗೋಕಾಕದ ಪತ್ತಾರ ಒಂದೇ ದಿನ ಮಾಡಿಕೊಟ್ಟದ್ದು, ಒಂದು ಮಗನಿಗೆ, ಒಂದು ಗಂಡನಿಗೆ. ಗಂಡನದರ ಒಂದು ಕಿವಿ ಮುರಿದು, ಬೆಳ್ಳಿ ಸಿಗದೆ, ಹಿತ್ತಾಳೆಯದು ಹಚ್ಚಿಸಿದ್ದಂತೆ.

ಹೇಳುತ್ತ ಹೇಳುತ್ತ ಅವಳ ಕಣ್ಣು ಫೋಟೋದ ಮೇಲೆ ಬಿತ್ತು. ಅವಳು ನಗುವುದನ್ನು ನಿಲ್ಲಿಸಿದಳು.

“ಇದು ಎಲ್ಲಿ ಸಿಕ್ತವ್ವ ನಿನಗ?”

“ದೌಂಡದ ಹೆಣದ ಕೊಳ್ಳಾಗ್ರಿ.”

ಭೀಮವ್ವ ಮೊಬೈಲನ್ನು ಕಣ್ಣಿಗೆ ಹತ್ತಿರ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದು ನೋಡಿದಳು.

“ಹನ್ನೆರಡು ವರ್ಷದ ಹಿಂದ ನಾ ನನ್ನ ಕೈಯಾರೆ ಇದನ್ನ ಅವರ ಕೊಳ್ಳಾಗ ಕಟ್ಟಿ ಮಣ್ಣ ಮಾಡೀನಿ,” ಎಂದಳು. “ಬೆಳ್ಳಿ ಬಿಚ್ಚಿಕೊಳ್ಳೂಣು, ಲಿಂಗ ಅಷ್ಟ ಕೈಯಾಗ ಇಡೂಣು ಅಂದ್ರು. ನಾ ಒಲ್ಲೆ ಅಂದೆ. ಬೆಳ್ಳಿ ಸೈತ ಅವರ ಜೋಡಿ ಹೋಗಲಿ ಅಂದೆ.”

ಬ್ಯಾಂಕಾಕಿನಿಂದ ಶಿವರಾಜ, ಏನಾತವ್ವ, ಏನಾತು ಎಂದು ಕೇಳುತ್ತಿದ್ದ. ಮುರುಗೆಪ್ಪನ ಕೈ ಬಾಗಿಲ ಚಿಲಕದ ಮೇಲಿತ್ತು.

ಭೀಮವ್ವ ನಿಧಾನವಾಗಿ ತಮ್ಮನ ಕಡೆಗೆ ತಿರುಗಿದಳು.

“ಬೆಳ್ಳಿ ಬಿಚ್ಚೂಣು ಅಂದಾವ ನೀನ ಅಲ್ಲೇನೋ ಮುರುಗ್ಯಾ? ನಮ್ಮನ್ನೆಲ್ಲ ಮನಿಗೆ ಕಳಿಸಿ, ಕಡೀಕ ಕುಣ್ಯಾಗ ಮಣ್ಣು ಎಳದಾವನೂ ನೀನ.”

ಕುಣಿಯಿಂದ ತೆಗೆದ ಕರಡಿಗೆ, ಚೀಲದಿಂದ ಬಿಚ್ಚಿದ ಜಾಕೀಟು, ಎರಡನ್ನೂ ಆ ಹೆಣಕ್ಕೆ ತೊಡಿಸಬಲ್ಲವರು ಒಬ್ಬರೇ; ಅದು ಯಾರ ಹೆಣ ಎಂಬುದೂ ಅವರಿಗೇ ಗೊತ್ತು. ನೀತಾ ಎದ್ದು ಹೋಗಿ, ಮುರುಗೆಪ್ಪನ ಕೈಯನ್ನು ಪಕ್ಕಕ್ಕೆ ಸರಿಸಿ, ಚಿಲಕವನ್ನು ಮತ್ತೆ ಹಾಕಿದಳು.